ಮನುಷ್ಯನ ಮುಖ, ಮೃಗದ ಮುಖ

ನಿಮ್ಮ ಮನೆಯ ಮಕ್ಕಳ ಕೈಗೆ ಮೊಬೈಲ್ ಫೋನ್ ಸಿಕ್ಕಿದಾಗ ಅವರು ಅದರಲ್ಲಿ ಏನು ಮಾಡುತ್ತಾರೆಂದು ಒಮ್ಮೆ ಹತ್ತಿರ ಕುಳಿತು ನೋಡಿರಿ. ತಮ್ಮದೇ ಮುಖಕ್ಕೆ ನಾಯಿಯ ಕಿವಿ ಅಂಟಿಸಿಕೊಳ್ಳುತ್ತಾರೆ. ಬಾಯಿ ತೆರೆದರೆ ಉದ್ದನೆಯ ನಾಲಗೆ ಹೊರಬರುತ್ತದೆ. ತಂಗಿಗೆ ಬೆಕ್ಕಿನ ಮೀಸೆ, ಅಜ್ಜನಿಗೆ ಸಿಂಹದ ಕೇಸರ. 2016ರ ಸುಮಾರಿಗೆ ಸ್ನ್ಯಾಪ್‌ಚಾಟ್‌ನ ನಾಯಿಮುಖದ ಈ ಆಟ ಜಗತ್ತಿನಾದ್ಯಂತ ಹಬ್ಬಿತು. ಈಗ ಅದೂ ಹಳತಾಗಿದೆ. ಕೃತಕ ಬುದ್ಧಿಮತ್ತೆಯ ಉಪಕರಣಕ್ಕೆ ಒಂದು ಫೋಟೋ ಕೊಟ್ಟು, ಈ ವ್ಯಕ್ತಿಯನ್ನು ಅರ್ಧ ಜಿಂಕೆಯಾಗಿ ತೋರಿಸು ಎಂದು ಒಂದು ವಾಕ್ಯ ಬರೆದರೆ ಸಾಕು. ಮನುಷ್ಯ ಎಲ್ಲಿ ಮುಗಿದ, ಜಿಂಕೆ ಎಲ್ಲಿ ಆರಂಭವಾಯಿತು ಎಂದು ಕಣ್ಣಿಗೆ ತಿಳಿಯದಂತಹ ಚಿತ್ರ ಕ್ಷಣಾರ್ಧದಲ್ಲಿ ಸಿದ್ಧ.

ನೀವು ನಕ್ಕು ಸುಮ್ಮನಾಗಬಹುದು. ಅಥವಾ ತೌಬಾ ಎಂದು ಫೋನನ್ನು ಕಿತ್ತುಕೊಳ್ಳಬಹುದು. ಎರಡಕ್ಕೂ ಮುಂಚೆ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಮನುಷ್ಯನ ಮುಖದೊಂದಿಗೆ ಮೃಗದ ಮುಖವನ್ನು ಬೆರೆಸಿದಾಗ ಅನ್ಯಾಯವಾಗುವುದು ಯಾರಿಗೆ? ಆ ಮನುಷ್ಯನಿಗೋ, ಆ ಪ್ರಾಣಿಗೋ, ಅಥವಾ ಯಾರಿಗೂ ಇಲ್ಲವೋ?

ಇದನ್ನು ಗಂಭೀರ ಕಲೆಯಾಗಿ ಕೈಗೆತ್ತಿಕೊಂಡವರಲ್ಲಿ ಡ್ಯಾನಿಯಲ್ ಲೀ ಒಬ್ಬರು. ಚೀನಾದಲ್ಲಿ ಹುಟ್ಟಿ, ತೈವಾನ್‌ನಲ್ಲಿ ಬೆಳೆದು, ನ್ಯೂಯಾರ್ಕ್‌ನಲ್ಲಿ ನೆಲೆಸಿದ ಕಲಾವಿದರು ಅವರು. ಫೋಟೋಶಾಪ್ ಎಂಬ ತಂತ್ರಾಂಶ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಮೂರೇ ವರ್ಷಗಳಲ್ಲಿ, ಅಂದರೆ 1993ರಲ್ಲಿ, ಲೀ ‘ಮ್ಯಾನಿಮಲ್ಸ್’ ಎಂಬ ಭಾವಚಿತ್ರಗಳ ಸರಣಿಯನ್ನು ಕಂಪ್ಯೂಟರ್‌ನಲ್ಲಿ ತಯಾರಿಸಿದರು. ಚೀನೀಯರ ಪಂಚಾಂಗದಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಪ್ರಾಣಿ: ಇಲಿ, ಎತ್ತು, ಹುಲಿ, ಮೊಲ, ಹೀಗೆ ಹನ್ನೆರಡು. ಆಯಾ ವರ್ಷದಲ್ಲಿ ಹುಟ್ಟಿದವರಲ್ಲಿ ಆಯಾ ಪ್ರಾಣಿಯ ಸ್ವಭಾವವಿರುತ್ತದೆಂದು ಅಲ್ಲಿನ ಜನರ ಹಳೆಯ ನಂಬಿಕೆ. ಆ ನಂಬಿಕೆ ನಮಗಿಲ್ಲ, ಅದು ಬೇರೆ ಮಾತು. ಲೀ ಮಾಡಿದ್ದಿಷ್ಟೇ. ನಿಜವಾದ ಮನುಷ್ಯರ ಫೋಟೋ ತೆಗೆದು, ಕಣ್ಣುಗಳ ಅಂತರ, ಮೂಗಿನ ಅಗಲ, ದವಡೆಯ ಆಕಾರವನ್ನು ಸ್ವಲ್ಪ ಸ್ವಲ್ಪವೇ ಪ್ರಾಣಿಯ ಕಡೆಗೆ ಎಳೆದರು. ಬಾಲವಿಲ್ಲ, ಕೊಂಬಿಲ್ಲ. ಮೊದಲ ನೋಟಕ್ಕೆ ನಿಮ್ಮೆದುರು ಒಬ್ಬ ಮನುಷ್ಯನಿದ್ದಾನೆ. ಎರಡನೆಯ ನೋಟಕ್ಕೆ ಮೈ ಜುಮ್ಮೆನ್ನುತ್ತದೆ. ಮರುವರ್ಷ, 1994ರಲ್ಲಿ, ಅವರು ಮಾಡಿದ ಸರಣಿಯ ಹೆಸರು ‘ಜಡ್ಜ್‌ಮೆಂಟ್’. ಪರಲೋಕದ ವಿಚಾರಣೆಯಲ್ಲಿ ವಿಶ್ವಾಸವಿರುವ ನಮಗೆ ಆ ಹೆಸರೊಂದೇ ಯೋಚನೆಗೆ ಸಾಕು.

ಹಾಗೆಂದು ಇದೆಲ್ಲ ಕಂಪ್ಯೂಟರ್ ತಂದ ಹೊಸ ಹುಚ್ಚು ಎಂದುಕೊಳ್ಳಬೇಡಿ. ಗಂಗಾವತಿ ತಾಲೂಕಿನ ಮರಳಿಯಲ್ಲೋ ಅದರ ಸುತ್ತಲಿನ ಊರುಗಳಲ್ಲೋ ಇರುವ ಓದುಗರು ಹೆಚ್ಚು ದೂರ ಹೋಗಬೇಕಾಗಿಲ್ಲ. ಅದೇ ತಾಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನೂರಾರು ಬೃಹತ್ ಶಿಲಾಸಮಾಧಿಗಳಿವೆ. ಅಲ್ಲಿನ ಬಂಡೆಗಳ ಆಸರೆಯಲ್ಲಿ ಕೆಂಪು ಬಣ್ಣದಲ್ಲಿ ಬರೆದ ಮನುಷ್ಯರೂ ಪ್ರಾಣಿಗಳೂ ಇಂದಿಗೂ ಉಳಿದಿವೆ. ಮನುಷ್ಯನಿಗೊಂದು ಬಣ್ಣ, ಪ್ರಾಣಿಗೊಂದು ಬಣ್ಣ ಎಂಬ ಭೇದವನ್ನು ಆ ಚಿತ್ರಕಾರ ಮಾಡಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಗುಹೆಯೊಂದರಲ್ಲಿ ಕಾಡುಹಂದಿ ಮತ್ತು ಕುಳ್ಳ ಕಾಡೆಮ್ಮೆಗಳನ್ನು ಬೇಟೆಯಾಡುತ್ತಿರುವ ಆಕೃತಿಗಳಿವೆ. ಅವುಗಳ ದೇಹ ಮನುಷ್ಯನದು; ಒಂದಕ್ಕೆ ಹಕ್ಕಿಯ ಕೊಕ್ಕಿನಂಥದ್ದು, ಇನ್ನೊಂದಕ್ಕೆ ಬಾಲದಂಥದ್ದು. ಆ ಚಿತ್ರ 40,000 ವರ್ಷಗಳಿಗಿಂತಲೂ ಹಳೆಯದೆಂದು 2019ರಲ್ಲಿ ಸಂಶೋಧಕರು ಪ್ರಕಟಿಸಿದರು. ಜರ್ಮನಿಯ ಗುಹೆಯೊಂದರಲ್ಲಿ 1939ರಲ್ಲಿ ಸಿಕ್ಕಿದ, ಸಿಂಹದ ತಲೆಯ ದಂತದ ಮನುಷ್ಯನ ವಯಸ್ಸೂ ಸುಮಾರು ಅಷ್ಟೇ. ಚಿತ್ರ ಬರೆಯಲು ಕಲಿತ ಮನುಷ್ಯ ಹೆಚ್ಚುಕಡಿಮೆ ಆಗಲೇ ತನ್ನನ್ನು ಪ್ರಾಣಿಯೊಂದಿಗೆ ಬೆರೆಸಿ ಬರೆಯಲೂ ಕಲಿತಿದ್ದನೆಂದು ಇದರಿಂದ ತಿಳಿಯುತ್ತದೆ.

ನಮ್ಮ ಕಾಲಕ್ಕೆ, ನಮ್ಮ ಓಣಿಗೆ ಬನ್ನಿ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ಊರುಗಳಲ್ಲಿ ಮೊಹರಂ ಬಂದಾಗ ಹುಲಿವೇಷಗಳು ಹೊರಡುತ್ತವೆ. ಮೈಗೆಲ್ಲ ಹಳದಿ ಬಳಿದು, ಕಪ್ಪು ಪಟ್ಟೆ ಎಳೆದು, ಸೊಂಟಕ್ಕೆ ಬಾಲ ಕಟ್ಟಿಕೊಂಡು ಹಲಗೆಯ ಬಡಿತಕ್ಕೆ ಕುಣಿಯುತ್ತಾರೆ. ಹರಕೆ ಹೊತ್ತು ಹುಲಿಯಾಗುವವರಲ್ಲಿ ಮುಸ್ಲಿಮರಿಗಿಂತ ಹಿಂದೂ ಬಾಂಧವರೇ ಹೆಚ್ಚಾಗಿರುವ ಊರುಗಳೂ ಉಂಟು. ಕರಾವಳಿಯ ಓದುಗರಿಗೆ ದಸರೆಯ ಪಿಲಿವೇಷ ಗೊತ್ತು. ಮೊಹರಂನ ಈ ಆಚರಣೆಗಳ ಬಗ್ಗೆ ವಿದ್ವಾಂಸರ ಆಕ್ಷೇಪವೇನೆಂಬುದು ನಿಮಗೆ ತಿಳಿದದ್ದೇ. ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ನನಗೆ ಬೇಕಾದದ್ದು ಆ ಬಾಲ. ಅದನ್ನು ಹಗ್ಗದಲ್ಲಿ ಕಟ್ಟಿರುವುದು ಎಲ್ಲರಿಗೂ ಕಾಣುತ್ತದೆ. ಆ ಹುಲಿ ಯಾರ ಮಗ, ಯಾವ ಓಣಿಯವನು ಎಂದು ನೋಡುವ ಮಗುವಿಗೂ ಗೊತ್ತು. ಕುಣಿತ ಮುಗಿದ ಮೇಲೆ ಆತ ಬಣ್ಣ ತೊಳೆದುಕೊಂಡು ಊಟಕ್ಕೆ ಕುಳಿತುಕೊಳ್ಳುತ್ತಾನೆ.

ಇನ್ನೊಂದು ಚಿತ್ರವನ್ನೂ ನೀವು ನೋಡಿರುತ್ತೀರಿ. ದರ್ಗಾಗಳ ಮುಂದಿನ ಅಂಗಡಿಗಳಲ್ಲಿ, ಹಳೆಯ ಕ್ಯಾಲೆಂಡರುಗಳಲ್ಲಿ, ಕೆಲವೊಮ್ಮೆ ಲಾರಿಗಳ ಹಿಂಭಾಗದಲ್ಲಿ ಬರುವ ಬುರಾಖ್‌ನ ಚಿತ್ರ: ಕುದುರೆಯ ದೇಹ, ರೆಕ್ಕೆಗಳು, ಕಿರೀಟ ತೊಟ್ಟ ಹೆಣ್ಣಿನ ಮುಖ. ದಖ್ಖನಿನ ಹಳೆಯ ಚಿತ್ರಕಾರರು ಬುರಾಖ್‌ನ ಮೈಯೊಳಗೆ ಹತ್ತಾರು ಪ್ರಾಣಿಗಳನ್ನು ಹೆಣೆದು ಬರೆದದ್ದೂ ಇದೆ. ಆದರೆ ವಿಶ್ವಾಸಾರ್ಹ ಹದೀಸ್‌ಗಳಲ್ಲಿ ಬುರಾಖ್ ಎಂದರೆ ಬಿಳಿಯ ಬಣ್ಣದ, ಕತ್ತೆಗಿಂತ ದೊಡ್ಡದೂ ಹೇಸರಗತ್ತೆಗಿಂತ ಚಿಕ್ಕದೂ ಆದ, ಕಣ್ಣು ಹಾಯುವಷ್ಟು ದೂರಕ್ಕೆ ಹೆಜ್ಜೆಯಿಡುವ ಒಂದು ವಾಹನ ಅಷ್ಟೇ. ಹೆಣ್ಣಿನ ಮುಖ ಅಲ್ಲಿಲ್ಲ. ಅದನ್ನು ಚಿತ್ರಕಾರರು ಸೇರಿಸಿದರು. ಭಕ್ತಿಯಿಂದಲೇ ಸೇರಿಸಿರಬಹುದು. ಆದರೂ ಆ ಚಿತ್ರವನ್ನು ನೋಡಿ ಬೆಳೆದ ಮಗು ಬುರಾಖ್ ಹಾಗೆಯೇ ಇತ್ತೆಂದು ನಂಬುತ್ತದೆ. ಇಲ್ಲಿ ಬೆರಕೆಗಿಂತ ದೊಡ್ಡ ತೊಂದರೆ ಏನೆಂದರೆ, ಬೆರೆಸಿದವರು ಯಾರೆಂಬುದು ಮರೆತುಹೋಗಿದೆ.

ಇದಕ್ಕೆ ವಿರುದ್ಧವಾದ ಒಂದು ಘಟನೆ ಹದೀಸ್ ಗ್ರಂಥಗಳಲ್ಲಿದೆ. ಹಝ್ರತ್ ಆಯಿಶಾ(ರ) ಅವರ ಗೊಂಬೆಗಳ ನಡುವೆ ಒಂದು ಕುದುರೆಯಿತ್ತು. ಅದಕ್ಕೆ ಬಟ್ಟೆಯ ಚೂರುಗಳಿಂದ ಎರಡು ರೆಕ್ಕೆ ಅಂಟಿಸಲಾಗಿತ್ತು. ಪ್ರವಾದಿವರ್ಯರು(ಸ) ಅದೇನೆಂದು ವಿಚಾರಿಸಿದರು. ಕುದುರೆ ಎಂದರು. ಕುದುರೆಗೆ ರೆಕ್ಕೆಯೇ ಎಂದು ಕೇಳಿದಾಗ, ಪ್ರವಾದಿ ಸುಲೈಮಾನರ(ಅ) ಬಳಿ ರೆಕ್ಕೆಯ ಕುದುರೆಗಳಿದ್ದದ್ದನ್ನು ತಾವು ಕೇಳಿಲ್ಲವೇ ಎಂದು ಅವರು ಮರುಪ್ರಶ್ನೆ ಹಾಕಿದರು. ಪ್ರವಾದಿವರ್ಯರು(ಸ) ದವಡೆಯ ಹಲ್ಲುಗಳು ಕಾಣುವಷ್ಟು ನಕ್ಕುಬಿಟ್ಟರು. ಅಬೂದಾವೂದರ ಸಂಗ್ರಹದಲ್ಲಿ ಬಂದಿರುವ ಈ ಪ್ರಸಂಗವನ್ನು ಗೊಂಬೆಗಳ ವಿಧಿಯ ಚರ್ಚೆಗಾಗಿ ಮಾತ್ರ ಉಲ್ಲೇಖಿಸುವುದುಂಟು. ಅಲ್ಲಿನ ನಗುವಿನ ಕಡೆಗೂ ಸ್ವಲ್ಪ ಗಮನ ಕೊಡಿ. ಒಂದು ಪ್ರಾಣಿಗೆ ಇನ್ನೊಂದರ ಅಂಗವನ್ನು ಅಂಟಿಸಲಾಗಿತ್ತು. ಅಂಟಿಸಿದ್ದು ಬಟ್ಟೆ ಎಂಬುದು ಕಾಣುತ್ತಿತ್ತು. ಯಾರಿಗೂ ಮೋಸವಾಗಿರಲಿಲ್ಲ, ಯಾರಿಗೂ ನೋವಾಗಿರಲಿಲ್ಲ.

ಜೀವಿಗಳ ಚಿತ್ರ ಬರೆಯುವ ಬಗ್ಗೆಯೇ ಎಚ್ಚರಿಕೆಯಿದೆಯಲ್ಲ ಎಂದು ನೀವು ಕೇಳುವಿರಿ. ನಿಜ. ಚಿತ್ರ ಮಾಡಿಯೇ ಬದುಕುತ್ತಿದ್ದ ಒಬ್ಬನಿಗೆ ಇಬ್ನು ಅಬ್ಬಾಸ್‌ರು(ರ), ಬಿಡಲಾಗದಿದ್ದರೆ ಮರಗಳನ್ನೂ ಜೀವವಿಲ್ಲದವುಗಳನ್ನೂ ಮಾಡು ಎಂದು ಸಲಹೆಯಿತ್ತರು. ಕ್ಯಾಮೆರಾದ ಚಿತ್ರ ಈ ಎಚ್ಚರಿಕೆಯೊಳಗೆ ಬರುತ್ತದೆಯೇ, ಅಥವಾ ಅದು ಕನ್ನಡಿಯ ಪ್ರತಿಬಿಂಬದಂತೆಯೇ ಎಂಬಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಮಸೀದಿಯಲ್ಲಿ ಇದರ ಬಗ್ಗೆ ವಾದಿಸುವವರ ಜೇಬಿನಲ್ಲೂ ಆಧಾರ್ ಕಾರ್ಡಿನ ಫೋಟೋ ಇರುತ್ತದೆ. ಆ ಚರ್ಚೆಯನ್ನು ಬಲ್ಲವರಿಗೆ ಬಿಡೋಣ. ಫೋಟೋ ಸಮ್ಮತವೆಂದು ಹೇಳುವವರೂ ಸುಳ್ಳನ್ನು ಸಮ್ಮತವೆಂದು ಹೇಳಿಲ್ಲ, ಇನ್ನೊಬ್ಬರನ್ನು ನೋಯಿಸುವುದನ್ನೂ ಹೇಳಿಲ್ಲ. ನನ್ನ ಮಾತು ಇರುವುದು ಅಲ್ಲಿ.

ಗಂಗಾವತಿಯ ಸೀಮೆ ಭತ್ತದ ಸೀಮೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಮರಳಿಯ ಸುತ್ತಮುತ್ತಲಿನ ಹೊಲಗಳು ಗದ್ದೆಗಳಾದವು. ಆದ್ದರಿಂದ ಧಾನ್ಯದ ರಾಶಿಯ ಉದಾಹರಣೆ ಅಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ರವಾದಿವರ್ಯರು(ಸ) ಮದೀನಾದ ಪೇಟೆಯಲ್ಲಿ ಒಂದು ಧಾನ್ಯದ ರಾಶಿಯೊಳಗೆ ಕೈಯಿಟ್ಟರು. ಮೇಲೆ ಒಣಗಿತ್ತು, ಒಳಗೆ ಒದ್ದೆ. ಮಳೆ ಬಿದ್ದಿತ್ತೆಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ಜನರಿಗೆ ಕಾಣುವಂತೆ ಒದ್ದೆಯನ್ನು ಮೇಲಕ್ಕೆ ಹಾಕಬಾರದಿತ್ತೇ ಎಂದು ಅವರು ಕೇಳಿದರು. ವಂಚಿಸುವವನು ತಮ್ಮವನಲ್ಲ ಎಂದೂ ಎಚ್ಚರಿಸಿದರು. ಗಮನಿಸಿ, ಧಾನ್ಯ ಒದ್ದೆಯಾದದ್ದನ್ನು ಅವರು ತಪ್ಪೆಂದು ಹೇಳಲಿಲ್ಲ. ಒದ್ದೆ ಮತ್ತು ಒಣಗಿದ್ದು ಒಂದೇ ರಾಶಿಯಲ್ಲಿದ್ದದ್ದನ್ನೂ ಆಕ್ಷೇಪಿಸಲಿಲ್ಲ. ಅವೆರಡರ ಗಡಿಯನ್ನು ಮರೆಮಾಡಿದ್ದು ತಪ್ಪಾಯಿತು.

ಚಿತ್ರಗಳಿಗೂ ಇದೇ ಅಳತೆಯನ್ನು ಹಿಡಿದು ನೋಡಿ. ಹುಲಿವೇಷದಲ್ಲಿ ಹೊಲಿಗೆ ಕಾಣುತ್ತದೆ. ಬಟ್ಟೆಯ ರೆಕ್ಕೆಯಲ್ಲಿ ಕಾಣುತ್ತದೆ. ಕತೆಗಳಲ್ಲೂ ಕಾಣುತ್ತದೆ: ಎಂಟನೆಯ ಶತಮಾನದಲ್ಲಿ ಇಬ್ನುಲ್ ಮುಖಫ್ಫಾ ಅರಬಿಗೆ ತಂದ ಕಲೀಲ ಮತ್ತು ದಿಮ್ನ ಎಂಬ ನರಿಗಳಾಗಲಿ, ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಕಾಲದ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದ ನರಿಗಳಾಗಲಿ, ಒಂದೇ ಬೇರಿನ ಈ ಕತೆಗಳಲ್ಲಿ ಪ್ರಾಣಿಗಳು ರಾಜನೀತಿ ಮಾತಾಡುತ್ತವೆ. ನರಿ ಮಂತ್ರಿಯಾಗುವುದಿಲ್ಲವೆಂದು ಓದುವವನಿಗೆ ಗೊತ್ತು. ಆದ್ದರಿಂದಲೇ ಅದು ಯಾವ ಮಂತ್ರಿಯ ಬಗ್ಗೆ ಎಂದು ಅವನು ಯೋಚಿಸುತ್ತಾನೆ. ಮೊಬೈಲಿನ ಹೊಸ ಚಿತ್ರದಲ್ಲಿ ಇಲ್ಲವಾದದ್ದು ಈ ಹೊಲಿಗೆ. ಚರ್ಮದ ರಂಧ್ರ, ಕೂದಲಿನ ಎಳೆ, ಕಣ್ಣಿನ ಹೊಳಪು ಸಮೇತ ಮೃಗದ ಮುಖ ಮನುಷ್ಯನ ಮುಖದೊಳಗೆ ಕರಗಿಬಿಡುತ್ತದೆ. ಲೀಯವರು ಅದನ್ನು ಕಲೆಯ ಗೋಡೆಯ ಮೇಲೆ, ತನ್ನ ಹೆಸರು ಹಾಕಿ, ತಲೆಬರಹ ಕೊಟ್ಟು ತೂಗುಹಾಕಿದರು. ಅಲ್ಲಿ ಚೌಕಟ್ಟೇ ಹೊಲಿಗೆಯ ಕೆಲಸ ಮಾಡಿತು. ನಿಮ್ಮ ವಾಟ್ಸ್‌ಆ್ಯಪ್‌ಗೆ ಬರುವ ಚಿತ್ರಕ್ಕೆ ಹೆಸರೂ ಇಲ್ಲ, ಚೌಕಟ್ಟೂ ಇಲ್ಲ.

ಇನ್ನು ನೋವಿನ ವಿಷಯ. ಪ್ರಾಣಿಯ ಹೆಸರು ಹಿಡಿದು ಮನುಷ್ಯನನ್ನು ಕರೆಯುವುದೆಲ್ಲ ಅವಮಾನವಲ್ಲ. ಹಝ್ರತ್ ಹಂಝಾರಿಗೆ(ರ) ಅಲ್ಲಾಹನ ಸಿಂಹವೆಂಬ ಬಿರುದಿತ್ತು. ಟಿಪ್ಪು ಮೈಸೂರಿನ ಹುಲಿ. ಎಲ್ಲಕ್ಕಿಂತ ಹೆಚ್ಚಾಗಿ, ಅತಿಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ ಸಹಾಬಿಯನ್ನು ನಾವೆಲ್ಲ ಕರೆಯುವುದು ಅಬೂ ಹುರೈರಾ(ರ) ಎಂದು, ಅಂದರೆ ಬೆಕ್ಕಿನ ಮರಿಯ ತಂದೆ. ಅವರ ಸ್ವಂತ ಹೆಸರು ಕೇಳಿದರೆ ಅನೇಕರು ತಡವರಿಸುತ್ತಾರೆ. ಆದರೆ ಅದೇ ನಾಲಗೆಯಿಂದ ನಮ್ಮ ಮನೆಗಳಲ್ಲಿ ಬೆಳಗಾದರೆ ಕತ್ತೆ, ಕೋಣ, ಮಂಗ, ಎಮ್ಮೆ ಎಂಬ ಮಾತುಗಳೂ ಹೊರಡುತ್ತವೆ. ಲೆಕ್ಕ ತಪ್ಪಿದ ಮಗ ಕತ್ತೆ, ಎದ್ದೇಳಲು ತಡಮಾಡಿದ ಮಗಳು ಎಮ್ಮೆ. ಇಮಾಮ್ ನವವಿಯವರು ತಮ್ಮ ‘ಅಲ್ ಅದ್ಕಾರ್’ ಗ್ರಂಥದಲ್ಲಿ, ಜಗಳದಲ್ಲಿ ಒಬ್ಬನನ್ನು ಕತ್ತೆಯೆಂದೋ ಹೋತವೆಂದೋ ನಾಯಿಯೆಂದೋ ಕರೆಯುವುದು ಎರಡು ಕಾರಣಗಳಿಂದ ಕೆಟ್ಟದ್ದೆಂದು ವಿವರಿಸಿದ್ದಾರೆ: ಒಂದು, ಅದು ಸುಳ್ಳು, ಎರಡು, ಅದು ಹಿಂಸೆ. ಎಷ್ಟು ಸರಳವಾದ ಲೆಕ್ಕ ನೋಡಿ! ಪ್ರಾಣಿ ಕೀಳೆಂದು ಅವರು ಕಾರಣ ಕೊಡಲಿಲ್ಲ. ಆ ಮನುಷ್ಯ ಕತ್ತೆಯಲ್ಲ, ಆದ್ದರಿಂದ ಸುಳ್ಳು. ಅವನ ಮನಸ್ಸು ಮುರಿಯುತ್ತದೆ, ಆದ್ದರಿಂದ ಹಿಂಸೆ. ನಾಲಗೆಯ ಬಗ್ಗೆ ಬರೆದ ಈ ಎರಡು ಕಾರಣಗಳು ನಮ್ಮ ಕಾಲದ ಬೆರಳುಗಳಿಗೂ ಹೊಂದುತ್ತವೆ. ಬೈದದ್ದು ಗಾಳಿಯಲ್ಲಿ ಹೋಗುತ್ತದೆ, ಕೇಳಿದವರು ನಾಲ್ಕು ಮಂದಿ. ಚಿತ್ರ ಸಾವಿರ ಫೋನುಗಳಲ್ಲಿ ಕುಳಿತಿರುತ್ತದೆ, ಅಳಿಸಿದರೂ ಇನ್ನೊಂದು ಕಡೆಯಿಂದ ಮರಳಿ ಬರುತ್ತದೆ.

ಈ ಸುಳ್ಳು ಮನೆಯ ಬೈಗುಳದಲ್ಲೇ ನಿಂತಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. 1906ರಲ್ಲಿ ಆಫ್ರಿಕದ ಕಾಂಗೋದ ಓಟಾ ಬೆಂಗಾ ಎಂಬ ಯುವಕನನ್ನು ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಮಂಗಗಳ ಮನೆಯಲ್ಲಿ ಪ್ರದರ್ಶನಕ್ಕಿಟ್ಟರು. ಜನರು ಸಾಲುಗಟ್ಟಿ ನೋಡಿದರು. ಕಪ್ಪು ಪಾದ್ರಿಗಳು ಪ್ರತಿಭಟಿಸಿದ ಮೇಲೆ ಅವನನ್ನು ಅಲ್ಲಿಂದ ಹೊರತಂದರು. ಹತ್ತು ವರ್ಷಗಳ ನಂತರ, 1916ರಲ್ಲಿ, ಅವನು ತನ್ನ ಜೀವವನ್ನು ತಾನೇ ತೆಗೆದುಕೊಂಡ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ವ್ಯಂಗ್ಯಚಿತ್ರಗಳಲ್ಲಿ ಐರಿಷ್ ಜನರಿಗೆ ಗೊರಿಲ್ಲಾದ ದವಡೆ ಬರೆಯುತ್ತಿದ್ದರು. 1994ರಲ್ಲಿ ರುವಾಂಡಾದ ರೇಡಿಯೋ ಟುಟ್ಸಿ ಜನಾಂಗದವರನ್ನು ಜಿರಳೆಗಳೆಂದು ಕರೆಯಿತು. ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನರ ಕೊಲೆಯಾಯಿತು. ಮನುಷ್ಯನನ್ನು ಕೊಲ್ಲಲು ಕೈ ನಡುಗುತ್ತದೆ, ಜಿರಳೆಯನ್ನು ಹೊಸಕಲು ನಡುಗುವುದಿಲ್ಲ. ಆದ್ದರಿಂದ ಮೊದಲು ಹೆಸರು ಬದಲಾಗುತ್ತದೆ, ಚಿತ್ರ ಬದಲಾಗುತ್ತದೆ, ಆಮೇಲೆ ಉಳಿದದ್ದು. 2015ರಲ್ಲಿ ಗೂಗಲ್ ಫೋಟೋಸ್‌ನ ಯಂತ್ರ ಕಪ್ಪು ವರ್ಣದ ಇಬ್ಬರ ಚಿತ್ರಗಳಿಗೆ ತಾನಾಗಿ ಗೊರಿಲ್ಲಾ ಎಂದು ಹೆಸರು ಕೊಟ್ಟಿತು, ಕಂಪೆನಿ ಕ್ಷಮೆ ಕೇಳಿತು. ಯಂತ್ರಕ್ಕೆ ದ್ವೇಷವಿರಲಿಲ್ಲ. ಆದರೂ ಆ ಹೆಸರನ್ನು ತನ್ನ ಚಿತ್ರದ ಕೆಳಗೆ ಓದಿದವನಿಗೆ ಆ ವ್ಯತ್ಯಾಸದಿಂದ ಏನು ಸಮಾಧಾನ?

ಈಗ ಒಂದು ಗಟ್ಟಿಯಾದ ಆಕ್ಷೇಪವನ್ನು ಎದುರಿಸಬೇಕು. ಪವಿತ್ರ ಕುರ್‌ಆನೇ ಕೆಲವರನ್ನು ಜಾನುವಾರುಗಳಿಗೆ ಹೋಲಿಸಿಲ್ಲವೇ, ಅವುಗಳಿಗಿಂತಲೂ ದಾರಿತಪ್ಪಿದವರೆಂದು ಹೇಳಿಲ್ಲವೇ? ಸಬ್ತ್ ದಿನದ ಆಜ್ಞೆ ಮೀರಿದವರು ಮಂಗಗಳಾದ ವೃತ್ತಾಂತ ಅದರಲ್ಲಿಲ್ಲವೇ? ಇದೆ. ಇದನ್ನೇ ಹಿಡಿದು ತಮಗಾಗದವರ ಮುಖಕ್ಕೆ ಮಂಗನ ಮುಖ ಅಂಟಿಸಿ, ಇದು ಧರ್ಮದ ಮಾತೇ ಎಂದು ಸಮರ್ಥಿಸುವ ಯುವಕರೂ ಇದ್ದಾರೆ. ಅವರು ಸ್ವಲ್ಪ ನಿಂತು ಓದಬೇಕು. ಜಾನುವಾರುಗಳ ಹೋಲಿಕೆ ಬಂದಿರುವ ಸೂರಃ ಅಲ್ ಅಅ್‌ರಾಫ್‌ನ ಆ ಸೂಕ್ತದಲ್ಲಿ ಮುಖದ ಮಾತಿಲ್ಲ. ಹೃದಯವಿದ್ದೂ ಗ್ರಹಿಸದ, ಕಣ್ಣಿದ್ದೂ ಕಾಣದ, ಕಿವಿಯಿದ್ದೂ ಕೇಳದವರ ವಿಷಯ ಅದು. ಜಾನುವಾರಿಗೆ ಕೊಡದ ಸಾಮರ್ಥ್ಯವನ್ನು ಪಡೆದೂ ವ್ಯರ್ಥ ಮಾಡಿದ್ದಕ್ಕಾಗಿ ಅವರು ಅದಕ್ಕಿಂತ ಕೆಳಗಾದರು, ದೋಷ ಜಾನುವಾರಿನದಲ್ಲ. ಮಂಗಗಳಾದವರ ಬಗ್ಗೆ ಹೆಚ್ಚಿನ ವ್ಯಾಖ್ಯಾನಕಾರರು ಅವರ ರೂಪವೇ ಬದಲಾಯಿತೆಂದು ಹೇಳಿದ್ದರೂ, ತಾಬಿಈಗಳಲ್ಲಿ ಪ್ರಸಿದ್ಧ ವ್ಯಾಖ್ಯಾನಕಾರರಾದ ಮುಜಾಹಿದ್‌ರು ಬದಲಾದದ್ದು ಹೃದಯಗಳು, ರೂಪವಲ್ಲ ಎಂದಿದ್ದಾರೆ. ಸಹೀಹ್ ಮುಸ್ಲಿಮ್‌ನಲ್ಲಿರುವ ಒಂದು ವರದಿ ಇನ್ನೂ ಮುಖ್ಯವಾದುದು: ರೂಪಾಂತರಗೊಂಡವರಿಗೆ ಸಂತತಿಯಿರಲಿಲ್ಲ, ಮಂಗಗಳೂ ಹಂದಿಗಳೂ ಅದಕ್ಕಿಂತ ಮೊದಲೇ ಇದ್ದವು ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ಅಂದರೆ ನಿಮ್ಮ ಛಾವಣಿಯ ಮೇಲೆ ಕುಳಿತ ಮಂಗ ಯಾರ ಪಾಪದ ಫಲವೂ ಅಲ್ಲ. ಅದು ಅಲ್ಲಾಹನು ಸೃಷ್ಟಿಸಿದ ಮಂಗ. ತೀರ್ಪು ಕೊಡುವ ಅಧಿಕಾರ ಇರುವವನು ಕೊಟ್ಟ ಹೋಲಿಕೆಯನ್ನು ತೀರ್ಪಿಗೆ ಕಾಯುತ್ತಿರುವ ನಾವು ಇನ್ನೊಬ್ಬನ ಹಣೆಗೆ ಹಚ್ಚುವುದು ನ್ಯಾಯಾಧೀಶನ ಕುರ್ಚಿಯಲ್ಲಿ ಆರೋಪಿ ಹೋಗಿ ಕೂತಂತೆ.

ಇಲ್ಲಿಯವರೆಗೆ ಮನುಷ್ಯನ ಪರವಾಗಿ ಮಾತಾಡಿದೆವು. ಪ್ರಾಣಿಯ ಪರವಾಗಿ ಯಾರು ಮಾತಾಡುತ್ತಾರೆ? ಹತ್ತನೆಯ ಶತಮಾನದ ಬಸ್ರಾದಲ್ಲಿ ಇಖ್ವಾನುಸ್ಸಫಾ ಎಂದು ಕರೆಸಿಕೊಂಡ ಚಿಂತಕರ ಗುಂಪೊಂದಿತ್ತು. ಅವರ ಎಲ್ಲ ವಿಚಾರಗಳನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಅವರ ಒಂದು ಪತ್ರದಲ್ಲಿ ಸೊಗಸಾದ ಕಲ್ಪನೆಯಿದೆ. ಪ್ರಾಣಿಗಳು ಜಿನ್ನ್‌ಗಳ ರಾಜನ ಆಸ್ಥಾನದಲ್ಲಿ ಮನುಷ್ಯರ ಮೇಲೆ ದಾವೆ ಹೂಡುತ್ತವೆ: ನಮ್ಮನ್ನು ಗುಲಾಮರೆಂದು ಇವರು ಯಾವ ಹಕ್ಕಿನಿಂದ ಹೇಳುತ್ತಾರೆ? ಮನುಷ್ಯರು ತಮ್ಮ ನೆಟ್ಟಗಿನ ನಿಲುವನ್ನು, ಸುಂದರ ರೂಪವನ್ನು, ಇಂದ್ರಿಯಗಳನ್ನು, ಬುದ್ಧಿಯನ್ನು ಒಂದೊಂದಾಗಿ ಮುಂದಿಡುತ್ತಾರೆ. ಪ್ರಾಣಿಗಳು ಒಂದೊಂದನ್ನೂ ಸಮರ್ಥವಾಗಿ ಕತ್ತರಿಸಿ ಹಾಕುತ್ತವೆ. ನಿಲುವು, ರೂಪ ಯಾವುದೂ ಮನುಷ್ಯನ ಮೊಕದ್ದಮೆಯನ್ನು ಗೆದ್ದುಕೊಡುವುದಿಲ್ಲ. ಕೊನೆಗೆ ತಕ್ಕಡಿ ಬಾಗುವುದು ಒಂದೇ ಕಾರಣಕ್ಕೆ: ಮನುಷ್ಯನಿಗೆ ಮರಣದ ಆಚೆಯೂ ಬಾಳಿದೆ, ಅಲ್ಲಿ ಪ್ರತಿಫಲವೂ ಶಿಕ್ಷೆಯೂ ಇದೆ, ಅವನಲ್ಲಿ ಸಜ್ಜನರು ಆಗಿಹೋಗಿದ್ದಾರೆ.

ಲೀಯವರ ಚಿತ್ರದ ಮುಂದೆ ಮೈ ಜುಮ್ಮೆನ್ನುವುದೇಕೆಂಬುದಕ್ಕೆ ಇದರಲ್ಲಿ ಉತ್ತರದ ಒಂದು ತುಂಡು ಸಿಗುತ್ತದೆಂದು ನನಗೆ ತೋರುತ್ತದೆ. ಮನುಷ್ಯನನ್ನು ಬೇರೆಯಾಗಿಸುವುದು ಮುಖವೆಂದು ನಾವು ನಂಬಿ ಕೂತಿದ್ದೇವೆ. ಅವರು ಮೂಗನ್ನು ಒಂದು ಬೆರಳು ಅಗಲ ಮಾಡಿ, ಆ ನಂಬಿಕೆ ಎಷ್ಟು ತೆಳುವೆಂದು ತೋರಿಸಿಬಿಟ್ಟರು. ಅತ್ಯುತ್ತಮ ರೂಪದಲ್ಲಿ ಮನುಷ್ಯನನ್ನು ಸೃಷ್ಟಿಸಲಾಗಿದೆಯೆಂದು ಕುರ್‌ಆನ್ ಹೇಳುತ್ತದೆ, ಸರಿ. ಆದರೆ ಆ ಸೂರಃ ಅಲ್ಲಿಗೆ ನಿಲ್ಲುವುದಿಲ್ಲ. ಅವನು ಅತ್ಯಂತ ಕೆಳಮಟ್ಟಕ್ಕೆ ಇಳಿಯಬಲ್ಲನೆಂದೂ ಕೂಡಲೇ ಎಚ್ಚರಿಸುತ್ತದೆ, ವಿಶ್ವಾಸ ಮತ್ತು ಸತ್ಕರ್ಮವುಳ್ಳವರನ್ನು ಮಾತ್ರ ಹೊರತುಪಡಿಸುತ್ತದೆ. ಕೆಳಕ್ಕೆ ಇಳಿದವನ ಮೂಗು, ಕಣ್ಣು ಮೊದಲಿನಂತೆಯೇ ಇರುತ್ತವೆ. ಇನ್ನೊಂದು ಕಡೆಯಲ್ಲಿ, ಭೂಮಿಯ ಮೇಲೆ ಚಲಿಸುವ ಪ್ರಾಣಿಗಳೂ ಹಾರುವ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳೆಂದು ಅದು ತಿಳಿಸುತ್ತದೆ. ಕೊಂಬುಳ್ಳ ಆಡಿನಿಂದ ತಿವಿಸಿಕೊಂಡ ಕೊಂಬಿಲ್ಲದ ಆಡಿಗೂ ಅಂತ್ಯದಿನದಂದು ಅದರ ಹಕ್ಕು ಕೊಡಿಸಲಾಗುವುದೆಂದು ಹದೀಸ್‌ನಲ್ಲಿದೆ. ಹಾಗಾದರೆ ಗಡಿ ಯಾವುದು? ಪ್ರಾಣಿಗೂ ಹಕ್ಕಿದೆ. ಆದರೆ ಎತ್ತಿಗೆ ನೀರು ಕುಡಿಸಿದೆಯಾ ಎಂದು ನಿಮ್ಮನ್ನು ಕೇಳಲಾಗುತ್ತದೆ. ಯಜಮಾನ ಉಂಡನೇ ಎಂದು ಎತ್ತನ್ನು ಕೇಳುವುದಿಲ್ಲ. ಬಾಯಾರಿದ ನಾಯಿಗೆ ಬಾವಿಯಿಂದ ನೀರೆತ್ತಿ ಕುಡಿಸಿದವನಿಗೆ ಕ್ಷಮೆ ಸಿಕ್ಕಿತು, ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದವಳಿಗೆ ಶಿಕ್ಷೆಯಾಯಿತು. ಎರಡೂ ಕಡೆ ಪ್ರಶ್ನೆ ಮನುಷ್ಯನಿಗೇ.

ಮುಖದ ವಿಷಯದಲ್ಲಿ ಪ್ರವಾದಿವರ್ಯರ(ಸ) ಎರಡು ಆಜ್ಞೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಹೊಡೆದಾಟದಲ್ಲೂ ಮನುಷ್ಯನ ಮುಖಕ್ಕೆ ಹೊಡೆಯಬಾರದೆಂದು ಅವರು ಕಲಿಸಿದರು. ಮುಖದ ಮೇಲೆ ಬರೆ ಹಾಕಿದ್ದ ಒಂದು ಕತ್ತೆಯನ್ನು ಕಂಡಾಗ ಹಾಗೆ ಮಾಡಿದವನನ್ನು ಕಠಿಣವಾಗಿ ಶಪಿಸಿದರು. ಮನುಷ್ಯನ ಮುಖವೂ ಗೌರವದ್ದು, ಕತ್ತೆಯ ಮುಖವೂ ಗೌರವದ್ದು! ಹೀಗಿರುವಾಗ ಒಬ್ಬನನ್ನು ಹೀನಾಯಗೊಳಿಸಲು ಅವನ ಮುಖಕ್ಕೆ ಕತ್ತೆಯ ಮುಖ ಹೊಲಿಯುವವನು ಒಂದೇ ಏಟಿಗೆ ಎರಡು ಮುಖಗಳ ಮೇಲೆ ಬರೆ ಎಳೆಯುತ್ತಾನೆ. ಕತ್ತೆ ಯಾರ ಚಾಡಿಯನ್ನೂ ಹೇಳಿಲ್ಲ, ತೂಕದಲ್ಲಿ ಮೋಸ ಮಾಡಿಲ್ಲ, ಸುಳ್ಳು ಚಿತ್ರವನ್ನೂ ಕಳುಹಿಸಿಲ್ಲ. ಅದನ್ನು ಬೈಗುಳವಾಗಿಸಿದ್ದು ನಾವು.

ಇದನ್ನು ಓದುತ್ತಿರುವ ತಾಯಂದಿರು, ಹಾಗಾದರೆ ಮಕ್ಕಳ ಆಟವನ್ನು ನಿಲ್ಲಿಸಬೇಕೇ ಎಂದು ಕೇಳಬಹುದು. ತನ್ನ ಮುಖಕ್ಕೆ ತಾನೇ ಹುಲಿಯ ಪಟ್ಟೆ ಹಾಕಿಕೊಂಡು ನಿಮಗೆ ತೋರಿಸ ಬಂದ ಮಗುವನ್ನು ಗದರಿಸಬೇಕೆಂದು ನನಗನಿಸುವುದಿಲ್ಲ. ಬಟ್ಟೆಯ ರೆಕ್ಕೆಯ ಕುದುರೆ ನೆನಪಿರಲಿ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ತಲೆಮಾರುಗಳಿಂದ ಹಗುರ ಮರದಲ್ಲಿ ಕೆತ್ತಿ ಬಣ್ಣ ಹಚ್ಚುವ ಆನೆ, ಗಿಳಿಗಳು ಎಷ್ಟು ಮಕ್ಕಳನ್ನು ನಗಿಸಿವೆ! ಆದರೆ ಅದೇ ಮಗು ತರಗತಿಯ ಕಪ್ಪು ಬಣ್ಣದ ಹುಡುಗಿಯ ಫೋಟೋ ತೆಗೆದುಕೊಂಡು ಎಮ್ಮೆಯೊಂದಿಗೆ ಬೆರೆಸಿ ಗೆಳೆಯರಿಗೆ ಕಳುಹಿಸಿದರೆ, ಅದು ಆಟವಲ್ಲ. ಅವಳು ಕೇಳಿಕೊಂಡಿರಲಿಲ್ಲ, ಅವಳಿಗೆ ಆ ಬಣ್ಣವನ್ನು ತೊಳೆದುಕೊಳ್ಳಲು ನೀರೂ ಇಲ್ಲ. ಹುಲಿವೇಷದವನು ಸಂಜೆಗೆ ಮನುಷ್ಯನಾಗಿ ಮನೆಗೆ ಮರಳುತ್ತಾನೆ. ಆ ಹುಡುಗಿ ಮರುದಿನ ಶಾಲೆಗೆ ಹೇಗೆ ಮರಳಬೇಕು? ಹಾಗೆ ಮಾಡಿದವನಿಂದ ಅವಳ ಮನೆಗೆ ಹೋಗಿ ಕ್ಷಮೆ ಕೇಳಿಸುವುದು ಹೆತ್ತವರ ಹೊಣೆ. ಬರೀ ಫೋನ್ ಕಿತ್ತಿಟ್ಟುಕೊಂಡರೆ ಅವಳಿಗೆ ಏನೂ ಸಿಕ್ಕಂತಾಗುವುದಿಲ್ಲ.

ಇನ್ನೊಂದು ಸಂಗತಿಯನ್ನು ಗಂಗಾವತಿ ಭಾಗದ ಯುವಕರಿಗೆ ವಿಶೇಷವಾಗಿ ಹೇಳಬೇಕು. ನಿಮ್ಮ ಊರಿನಿಂದ ಆನೆಗುಂದಿ ದೂರವಿಲ್ಲ. ಅಲ್ಲಿನ ಅಂಜನಾದ್ರಿ ಬೆಟ್ಟವನ್ನು ಹಿಂದೂ ಬಾಂಧವರು ಆಂಜನೇಯನ ಜನ್ಮಸ್ಥಳವೆಂದು ನಂಬಿ, ನೂರಾರು ಮೆಟ್ಟಿಲುಗಳನ್ನು ಹತ್ತಿ ಹೋಗುತ್ತಾರೆ. ವಾನರನ ಮುಖವನ್ನು ಅವರು ನೋಡುವುದು ಭಕ್ತಿಯ ಕಣ್ಣಿನಿಂದ. ನಮ್ಮ ವಿಶ್ವಾಸ ಬೇರೆ. ಆದರೆ ಅನ್ಯರು ಆರಾಧಿಸುವವುಗಳನ್ನು ನಿಂದಿಸಬಾರದೆಂದು ಕುರ್‌ಆನ್ ವಿಶ್ವಾಸಿಗಳನ್ನು ತಡೆದಿದೆ. ತಮಾಷೆಗೆಂದು ಯಾರೋ ಒಬ್ಬ ರಾಜಕಾರಣಿಯ ಮುಖವನ್ನು ಅಂಥ ಚಿತ್ರಕ್ಕೆ ಹೊಲಿದು ಕಳುಹಿಸಿದ್ದು ನಿಮ್ಮ ಫೋನಿಗೆ ಬಂದರೆ, ಅದನ್ನು ಮುಂದಕ್ಕೆ ಕಳುಹಿಸುವ ಮುಂಚೆ ಅದು ತಲುಪಬಹುದಾದ ಕೊನೆಯ ಮನೆಯನ್ನು ನೆನೆಯಿರಿ. ಚಿತ್ರ ಮಾಡಿದವನು ಬೇರೆ ಊರಿನಲ್ಲಿ ಸುರಕ್ಷಿತವಾಗಿರುತ್ತಾನೆ. ರಾತ್ರಿ ಅಂಗಡಿ ಬಾಗಿಲು ಮುಚ್ಚಬೇಕಾಗುವುದು ನಿಮ್ಮ ಓಣಿಯವರು, ಅದರಲ್ಲೂ ಆ ಚಿತ್ರವನ್ನು ನೋಡಿಯೇ ಇರದವರು.

ಕೂಸುಗಳ ವಿಷಯದಲ್ಲಿ ಮಾತ್ರ ನನಗೆ ಖಚಿತವಾದ ಉತ್ತರವಿಲ್ಲ. ತೊಟ್ಟಿಲಿನಲ್ಲಿ ಮಲಗಿದ ಮಗುವಿಗೆ ಮೊಲದ ಕಿವಿ ಹಾಕಿ ಕುಟುಂಬದ ಗುಂಪಿಗೆ ಕಳುಹಿಸುವುದು ಈಗ ಎಲ್ಲ ಮನೆಗಳಲ್ಲೂ ಇದೆ. ಪ್ರೀತಿಯಿಂದಲೇ ಮಾಡುತ್ತಾರೆ, ಹೊಲಿಗೆಯೂ ಕಾಣುತ್ತದೆ, ನೋಡಿದ ಅಜ್ಜಿ ಮಾಷಾ ಅಲ್ಲಾಹ್ ಎನ್ನುತ್ತಾಳೆ. ಆದರೂ ಆ ಮುಖ ಆ ಮಗುವಿನದು, ಅದನ್ನು ಯಾರೂ ಕೇಳಿಲ್ಲ, ಮತ್ತು ಹದಿನೈದು ವರ್ಷಗಳ ನಂತರ ಆ ಚಿತ್ರ ಯಾರ ಕೈಯಲ್ಲಿರುತ್ತದೆಂದು ಕಳುಹಿಸಿದವರಿಗೂ ತಿಳಿಯದು. ನನ್ನ ಕೈಗೆ ಅಂಥ ಚಿತ್ರ ಬಂದಾಗ ನಾನು ನೋಡಿ ಸಂತೋಷಪಡುತ್ತೇನೆ, ಯಾರಿಗೂ ಮುಂದಕ್ಕೆ ಕಳುಹಿಸುವುದಿಲ್ಲ. ನೀವು ಏನು ಮಾಡುತ್ತೀರೆಂದು ಮನೆಯವರೊಂದಿಗೆ ಕುಳಿತು ಮಾತಾಡಿ ನೋಡಿರಿ.